.36 ನೇವಿ ರಿವಾಲ್ವರಿಗೆ .38ರ ತೋಟೆ: ಮೂರು ಗುಂಡುಗಳಲ್ಲಿ ಯಾವುದು ಸರಿ?

ಕೋಲ್ಟ್ 1851 ನೇವಿಯ ಇಟಲಿ ನಕಲಿನಲ್ಲಿ ಕೇಪಿನ (ಮದ್ದು, ಗುಂಡು ಬಿಡಿಬಿಡಿಯಾಗಿ ತುಂಬುವ) ಸಿಲಿಂಡರ್ ತೆಗೆದು ತೋಟೆಯ ಸಿಲಿಂಡರ್ ಕೂರಿಸುವುದು ದೊಡ್ಡ ಕೆಲಸವಲ್ಲ. ತೊಡಕು ಶುರುವಾಗುವುದು ತೋಟೆ ತುಂಬಲು ಕೂತಾಗ. ಹೆಸರಿಗೆ .36 ಆದರೂ ನಳಿಗೆಯೊಳಗೆ ಗುಂಡನ್ನು ಸುತ್ತಿಸುವ ಗೀರುಗಳ ತಳದ ಅಳತೆ ಸುಮಾರು .375 ಇಂಚು. ಈಗಿನ .38ರ ಗುಂಡು .358 ಇಂಚು. ನಡುವೆ 0.43 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಈ ಸಡಿಲವನ್ನು ಯಾವ ಗುಂಡು ತುಂಬಿಕೊಳ್ಳುತ್ತದೆ, ಯಾವುದು ತುಂಬಿಕೊಳ್ಳುವುದಿಲ್ಲ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. (.44ರ ರೆಮಿಂಗ್ಟನ್ 1858ಕ್ಕೆ .45 ಕೋಲ್ಟ್ ಸಿಲಿಂಡರ್ ಹಾಕುವವರಿಗೆ ಈ ತಲೆನೋವಿಲ್ಲ. ಅದರ ನಳಿಗೆಯೂ .45ರ ಗುಂಡೂ ಹೆಚ್ಚುಕಡಿಮೆ ಒಂದೇ ಅಳತೆ.)

ಇಲ್ಲಿ ಹೇಳುವುದೆಲ್ಲ ಉಕ್ಕಿನ ಚೌಕಟ್ಟಿನ ರಿವಾಲ್ವರಿಗೆ ಮಾತ್ರ. ಹಿತ್ತಾಳೆ ಚೌಕಟ್ಟಿಗೆ ತೋಟೆಯ ಸಿಲಿಂಡರ್ ಹಾಕಲೇಬಾರದು. ಮೂರಕ್ಕೂ ಬಳಸಿದ್ದು ಕರಿಮದ್ದು, ಎಫ್‌ಎಫ್‌ಎಫ್‌ಜಿ ದರ್ಜೆಯದು (ಸಣ್ಣ ಕಾಳಿನದು). ಇದು ಅಮೆರಿಕದ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಪರಾಧ.

ಮೊದಲು ನಳಿಗೆ ಅಳೆಯಿರಿ. ಮೆತ್ತನೆ ಸೀಸದ ಉಂಡೆಯೊಂದಕ್ಕೆ ಎಣ್ಣೆ ಸವರಿ, ಮರದ ಕಡ್ಡಿಯಿಂದ ನಳಿಗೆಯ ಉದ್ದಕ್ಕೂ ತಳ್ಳಿ ಹೊರತೆಗೆದು ಅಳತೆ ನೋಡಿ. ಗೀರುಗಳು ಏಳಿದ್ದರೆ ಒಂದರ ಎದುರಿಗೆ ಇನ್ನೊಂದು ಬರುವುದಿಲ್ಲ, ಕ್ಯಾಲಿಪರ್ ಕಡಿಮೆ ತೋರಿಸುತ್ತದೆ. ಉಂಡೆಯನ್ನು ತಿರುಗಿಸುತ್ತಾ ಸಿಕ್ಕ ಅತಿ ದೊಡ್ಡ ಅಂಕಿಯನ್ನು ಹಿಡಿಯಿರಿ. ಕಾರ್ಖಾನೆಯಲ್ಲೇ .38 ಸ್ಪೆಷಲ್‌ಗೆಂದು ತಯಾರಾದ ಕನ್ವರ್ಷನ್ ಮಾದರಿಗಳ ನಳಿಗೆ ಕಿರಿದು. ಅವಕ್ಕೆ ಈ ಹೋಲಿಕೆ ಬೇಡ.

ಗಟ್ಟಿ ಗುಂಡು (ಬುಡದಲ್ಲಿ ಗುಳಿ ಇಲ್ಲದ್ದು), .358 ಇಂಚು, 158 ಗ್ರೇನ್ (ಸುಮಾರು 10 ಗ್ರಾಂ). ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಮಾಮೂಲಿ ಡೈಗಳೇ (ತೋಟೆ ಜೋಡಿಸುವ ಉಪಕರಣ) ಸಾಕು. ಆದರೆ ಗೀರು ಹಿಡಿಯುವುದಿಲ್ಲ. ಬಿಸಿಗಾಳಿ ಗುಂಡಿನ ಪಕ್ಕದಿಂದಲೇ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ಹದಿನೈದು ಗಜದ ಕಾಗದದಲ್ಲಿ ಗುಂಡನೆಯ ತೂತಿನ ಬದಲು ಬೀಗದ ಕಣ್ಣಿನಂಥ ಉದ್ದ ಸೀಳು ಕಾಣುತ್ತದೆ. ಗುಂಡು ಸುತ್ತದೆ ಅಡ್ಡಬಿದ್ದು ಹೋಗಿದೆ ಎಂದರ್ಥ. ಮದ್ದು ಹೆಚ್ಚಿಸಿದರೂ ಇದು ಸರಿಹೋಗದು. ಅದರಲ್ಲೂ ಗಡುಸು ಮಿಶ್ರಲೋಹದ್ದು, ಮೇಲೆ ನೀಲಿ ಅಥವಾ ಕೆಂಪು ಮೇಣ ಹಚ್ಚಿದ್ದು ಕರಿಮದ್ದಿಗೆ ತೀರಾ ಒಗ್ಗದು.

ಹೀಲ್ ಗುಂಡು, .375 ಇಂಚು. 1870ರ ದಶಕದಲ್ಲಿ ಕೋಲ್ಟ್ ತನ್ನ ಹಳೆಯ ನೇವಿಗಳನ್ನು ತೋಟೆಗೆ ಬದಲಿಸಿದಾಗ ಬಂದದ್ದು ಇಂಥದ್ದೇ: ಹೊರಗೆ ಕಾಣುವ ಭಾಗ ಕೇಸಿನಷ್ಟೇ (ತೋಟೆಯ ಹಿತ್ತಾಳೆ ಕೊಳವೆಯಷ್ಟೇ) ದಪ್ಪ, ಕೇಸಿನೊಳಗೆ ಕೂರುವ ಬುಡ ಮಾತ್ರ ಸಣ್ಣದು. ನಳಿಗೆಗೆ ಸರಿಯಾಗಿ ಹೊಂದುತ್ತದೆ, ಗುರಿಯೂ ಮೂರರಲ್ಲಿ ಇದರದ್ದೇ ಬಿಗಿ. ಆದರೆ ಸಿಲಿಂಡರಿನ ಕೋಣೆ ಆ ತುದಿಯಿಂದ ಈ ತುದಿಗೆ ಒಂದೇ ಅಗಲ ಇರಬೇಕು. .38 ಸ್ಪೆಷಲ್‌ಗೆಂದು ಮುಂದೆ ಕಿರಿದಾಗಿ ಕೊರೆದ ಕೋಣೆಗೆ ಇದು ಹೋಗುವುದೇ ಇಲ್ಲ. ಎರಡನೆಯ ಕಷ್ಟ ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿಗೆ ಒತ್ತಿ ಬಿಗಿಯುವುದು. ಗುಂಡೂ ಕೇಸೂ ಒಂದೇ ದಪ್ಪವಾದ್ದರಿಂದ ಮಾಮೂಲಿ ಡೈ ಕೇಸಿನ ಬಾಯಿ ಮುಟ್ಟುವ ಮೊದಲೇ ಗುಂಡನ್ನು ಹಿಸುಕುತ್ತದೆ. ಪಕ್ಕದಿಂದ ಹಿಡಿದೊತ್ತುವ ಕಾಲೆಟ್ ಮಾದರಿಯ ಕ್ರಿಂಪ್ ಬೇಕು, ಗುಂಡು ಎರೆಯುವ ಅಚ್ಚೂ ಬೇರೆ ಬೇಕು. ಲೂಬ್ (ಗುಂಡಿಗೆ ಸವರುವ ಜಿಡ್ಡು) ಹೊರಗಡೆ ಇರುವುದರಿಂದ ಜೇಬಿನ ಧೂಳೆಲ್ಲ ಅಂಟುತ್ತದೆ.

ಟೊಳ್ಳು ಬುಡದ ವಾಡ್‌ಕಟರ್, ಅಂದರೆ ಗುರಿಪಂದ್ಯದ ಚಪ್ಪಟೆ ಮೂತಿಯ ಗುಂಡು, 148 ಗ್ರೇನ್. ಹೊರಗಿನ ಅಳತೆ .358 ಇಂಚೇ. ಆದರೆ ಮೆತ್ತನೆ ಸೀಸ, ಬುಡದಲ್ಲಿ ಬಟ್ಟಲಿನಂಥ ಗುಳಿ. ಮದ್ದು ಹೊತ್ತಿದಾಗ ಒತ್ತಡ ಆ ಗುಳಿಯೊಳಗೆ ನುಗ್ಗಿ ಅಂಚನ್ನು ಲಂಗದಂತೆ ಅರಳಿಸಿ ಗೀರಿಗೆ ಒತ್ತುತ್ತದೆ. ಗುರಿ ಹೀಲ್ ಗುಂಡಿಗಿಂತ ಸ್ವಲ್ಪ ಸಡಿಲ, ಆದರೆ ತೂತುಗಳೆಲ್ಲ ಗುಂಡಗೆ. .36ರ ನಳಿಗೆಯೂ .38 ಸ್ಪೆಷಲ್ ಸಿಲಿಂಡರೂ ಇದ್ದವರಿಗೆ ನಮ್ಮ ಆಯ್ಕೆ ಇದೇ.

ತುಂಬುವಾಗ ನೆನಪಿಡಬೇಕಾದ್ದು ಎರಡು. ಗುರಿಪಂದ್ಯದ ತೋಟೆಯಂತೆ ಗುಂಡನ್ನು ಕೇಸಿನ ಬಾಯಿಗೆ ಸಮವಾಗಿ ಇಳಿಸಬೇಡಿ, ಮದ್ದಿಗೆ ಜಾಗವೇ ಉಳಿಯದು. ಮೂತಿ ಹೊರಗುಳಿಯುವಂತೆ, ಗುಂಡಿನ ಮೈಮೇಲಿನ ಗೀರು ನೋಡಿ ಕ್ರಿಂಪ್ ಮಾಡಿ. ಮೊದಲು ಮದ್ದೂ ಪ್ರೈಮರೂ (ಮದ್ದು ಹೊತ್ತಿಸುವ ಬುಡದ ಸಣ್ಣ ಕೇಪು) ಎರಡೂ ಇಲ್ಲದ ಒಂದು ತೋಟೆ ಮಾಡಿ ಸಿಲಿಂಡರ್ ಸಲೀಸಾಗಿ ತಿರುಗುತ್ತದೆಯೇ ನೋಡಿಕೊಳ್ಳಿ. ಎರಡನೆಯದು, ಕರಿಮದ್ದಿನ ಮೇಲೆ ಖಾಲಿ ಜಾಗ ಬಿಡುವಂತಿಲ್ಲ. ಗುಂಡಿನ ಬುಡ ಬರುವ ಮಟ್ಟಕ್ಕಿಂತ 1.5ರಿಂದ 3 ಮಿಲಿಮೀಟರ್ ಮೇಲಕ್ಕೆ ಮದ್ದು ತುಂಬಿ, ಕಂಪ್ರೆಷನ್ ಡೈಯಿಂದ ಒತ್ತಿ, ಆಮೇಲೆ ಗುಂಡು ಕೂರಿಸಿ. ಗುಂಡಿನಿಂದಲೇ ಒತ್ತಿದರೆ ಮೆತ್ತನೆ ಸೀಸ ಉಬ್ಬಿ ಕೇಸ್ ಕೋಣೆಗೆ ಹೋಗದು.

ಅಪಾಯ ಒಂದಿದೆ. ಹೊಗೆರಹಿತ ಮದ್ದನ್ನು ಬಿರುಸಾಗಿ ಹಾಕಿದರೆ ಅರಳಿದ ಅಂಚು ಗುಂಡಿನಿಂದ ಕಿತ್ತು ಬಳೆಯಂತೆ ನಳಿಗೆಯಲ್ಲೇ ಉಳಿಯಬಹುದು. ಮುಂದಿನ ಗುಂಡು ಅದಕ್ಕೆ ಬಡಿದರೆ ನಳಿಗೆ ಉಬ್ಬುತ್ತದೆ. ಸದ್ದು ಮೆತ್ತಗೆ ಬಂದರೆ, ಕಾಗದದಲ್ಲಿ ತೂತು ಕಾಣದಿದ್ದರೆ, ನಿಲ್ಲಿಸಿ ಸಿಲಿಂಡರ್ ಕಳಚಿ ನಳಿಗೆಯ ಮೂಲಕ ಬೆಳಕು ನೋಡಿ.

ಮೂರಕ್ಕೂ ಲೂಬ್ ಒಂದೇ: ಜೇನುಮೇಣ, ಕುರಿಕೊಬ್ಬು ಸಮತೂಕ, ಚಳಿಗಾಲಕ್ಕೆ ಸ್ವಲ್ಪ ಆಲಿವ್ ಎಣ್ಣೆ. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಮಸಿ ಡಾಂಬರಿನಂತೆ ಗಟ್ಟಿಯಾಗಿ, ಕೆಲವೇ ಸುತ್ತಿನಲ್ಲಿ ಸಿಲಿಂಡರ್ ಬಿಗಿದುಕೊಳ್ಳುತ್ತದೆ. ಲೂಬ್ ಸಾಕಷ್ಟಿದ್ದರೆ ನಳಿಗೆಯ ತುದಿಯಲ್ಲಿ ತೇವದ ಜಿಡ್ಡು ನಕ್ಷತ್ರದಂತೆ ಮೂಡುತ್ತದೆ. ಅದು ಒಣಗಿ ಬೂದಿಬಣ್ಣಕ್ಕೆ ತಿರುಗಿದರೆ ಲೂಬ್ ಸಾಲುತ್ತಿಲ್ಲ.

ಹಾರಿಸಿದ ಕೇಸುಗಳನ್ನು ಅಲ್ಲೇ, ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನ ಡಬ್ಬಿಗೆ ಹಾಕಿ. ಮನೆಗೆ ತಂದು ನಾಳೆ ನೋಡೋಣ ಎಂದರೆ ಹಿತ್ತಾಳೆ ಕಪ್ಪಾಗಿ ಹಸಿರು ಕಿಲುಬು ಹಿಡಿಯುತ್ತದೆ. ನಳಿಗೆ, ಸಿಲಿಂಡರಿಗೆ ಬಿಸಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ತೆಳ್ಳಗೆ ಎಣ್ಣೆ. ಸಿಲಿಂಡರಿನ ಹಿಂದಿನ ಬಿಲ್ಲೆಯನ್ನೂ ಬಿಚ್ಚಿ. ರಿವಾಲ್ವರಿನ ಕುದುರೆಯ (ಹಿಂದಿನ ಸುತ್ತಿಗೆಯ) ಪೆಟ್ಟು ತಿನ್ನುವ ಸಣ್ಣ ಸೂಜಿಗಳು ಅಲ್ಲೇ ಇರುತ್ತವೆ, ಮಸಿ ಸೇರಿ ಅವು ಸಿಕ್ಕಿಕೊಂಡರೆ ಪ್ರೈಮರ್ ಹೊತ್ತುವುದಿಲ್ಲ.