ಬಾಟಲಿಯಲ್ಲಿ ಗುಳ್ಳೆ ಬಂತು ಅಂದ್ರೆ ಆಕ್ಸಿಜನ್ ಬಂತು ಅಂತಲ್ಲ

2021ರ ಕೋವಿಡ್ ಎರಡನೇ ಅಲೆಯಲ್ಲಿ ಕೊಂಡಿದ್ದ, ಗಾಳಿಯಿಂದ ಆಕ್ಸಿಜನ್ ಬೇರೆ ಮಾಡಿ ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರ್ ಮಷಿನ್ ಆಮೇಲೆ ನಮ್ಮನೆ ಅಟ್ಟ ಸೇರಿತ್ತು. ತೀರ್ಥಹಳ್ಳಿಯ ಎರಡು ಮಳೆಗಾಲ ಅಲ್ಲೇ ಕಳೆಯಿತು. ಅಪ್ಪನಿಗೆ ಸಿಓಪಿಡಿ (ಉಸಿರುಕಟ್ಟಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಹೆಚ್ಚಾಗಿ ಡಾಕ್ಟರು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬರೆದುಕೊಟ್ಟಾಗ ಕೆಳಗಿಳಿಸಿದೆವು. ಹತ್ತೇ ನಿಮಿಷಕ್ಕೆ ಆಕ್ಸಿಜನ್ ಕಮ್ಮಿ ಅನ್ನೋ ಹಳದಿ ದೀಪ, ಕುಂಯ್ ಅಂತ ಬಜರ್.

ರಿಪೇರಿಯವನು ಬಂದ. ಹಿಂದಿನ ಸ್ಪಂಜು ತೊಳೆದ, ಒಳಗೊಂದು ಫಿಲ್ಟರ್ ಬದಲಿಸಿದ, 4,500 ರೂಪಾಯಿ ತಗೊಂಡ. ಆಕ್ಸಿಜನ್ ಹಾದುಬರುವ ನೀರಿನ ಬಾಟಲಿ ತೋರಿಸಿದ. "ಗುಳ್ಳೆ ನೋಡಿ ಸಾರ್, ಹೆಂಗೆ ಬರ್ತಿದೆ!" ದೀಪವಿಲ್ಲ, ಸದ್ದಿಲ್ಲ. ನಂಬಿದೆ.

ಮೂರನೇ ರಾತ್ರಿ ಅಪ್ಪನ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 83. ಗಾಬರಿಗೆ ಎಷ್ಟು ಲೀಟರ್ ಬರ್ತಿದೆ ಅಂತ ತೋರಿಸುವ ಮೀಟರಿನ ಗುಂಡನ್ನು 2ರಿಂದ 4ಕ್ಕೆ ಏರಿಸಿದೆ. 80ಕ್ಕೆ ಇಳಿಯಿತು! ಪಕ್ಕದ ಮನೆಯವರ ಕಾರಲ್ಲಿ ಆಸ್ಪತ್ರೆಗೆ ಓಡಿದೆವು. ಸಿಲಿಂಡರ್ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು.

ಆಮೇಲೆ ಬಲ್ಲವರೊಬ್ಬರು ಮಷಿನಿಗೆ ಅನಲೈಸರ್ (ಬರುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ಅಂತ ಅಳೆಯುವ ಸಾಧನ) ಹಿಡಿದು ನೋಡಿದರು. 90ರ ಮೇಲಿರಬೇಕಾದ ಆಕ್ಸಿಜನ್ ಶೇ. 58. ಮಷಿನ್ ಒಳಗಿನ ಎರಡು ಡಬ್ಬಿಗಳಲ್ಲಿರುವ ಜಿಯೋಲೈಟ್ ಹರಳುಗಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಮಾತ್ರ ಬಿಡಬೇಕು. ನೀರಿನ ಪಸೆ ಕುಡಿದರೆ ಅವುಗಳ ಕಥೆ ಮುಗೀತು. ನಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಯ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಇವು ಉಳಿದಾವೆಯೇ? ಸೋತ ಹರಳಿನಿಂದ ಫ್ಲೋ ಏರಿಸಿದಷ್ಟೂ ಬರೋದು ಬರೀ ಗಾಳಿ. ಗುಂಡು, ಗುಳ್ಳೆ ಎರಡೂ ತೋರಿಸೋದು ಎಷ್ಟು ಬರ್ತಿದೆ ಅನ್ನೋದನ್ನ. ಏನು ಬರ್ತಿದೆ ಅನ್ನೋದನ್ನಲ್ಲ.

ಮುಚ್ಚಳ ಬಿಚ್ಚಿದಾಗ ಮೈ ಉರಿದುಹೋಯ್ತು. ರಿಪೇರಿಯವನು ಬಜರಿನ ವೈರು ಕತ್ತರಿಸಿದ್ದ. ಹಳದಿ ದೀಪದ ಬೆನ್ನಿಗೆ, ಒಳಗಿನಿಂದ, ಉಗುರಿನಷ್ಟು ಕಪ್ಪು ಟೇಪು.

ಯಾರೇ ರಿಪೇರಿ ಮಾಡಿದರೂ ಮಷಿನ್ ಇಪ್ಪತ್ತು ನಿಮಿಷ ಓಡಿದ ಮೇಲೆ ನಿಮ್ಮೆದುರೇ ಅನಲೈಸರ್ ಇಟ್ಟು ತೋರಿಸಲಿ. ಅನಲೈಸರ್ ಇಲ್ಲ ಅಂದವನಿಗೆ ಮಷಿನ್ ಬಿಚ್ಚೋಕೆ ಬಿಡಬೇಡಿ. ಸ್ಯಾಚುರೇಷನ್ ಬಿದ್ದರೆ ನನ್ನ ಹಾಗೆ ಗುಂಡು ಏರಿಸುತ್ತ ಕೂರದೆ ಸಿಲಿಂಡರಿಗೆ ಬದಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಕರೆಂಟು ನೆಚ್ಚಿಕೊಳ್ಳೋಕಾಗದ ನಮ್ಮೂರಲ್ಲಿ ತುಂಬಿದ ಸಿಲಿಂಡರ್ ಒಂದು ಮನೇಲಿ ಇರಲೇಬೇಕಿತ್ತು, ಇರಲಿಲ್ಲ.

ಈಗ ಬಾಡಿಗೆ ಮಷಿನ್ ಬಂದಿದೆ. ಹಳೇದನ್ನ ಒಬ್ಬರು 8,000ಕ್ಕೆ ಕೇಳಿದರು. ಅಪ್ಪ ಮೂಗಿನ ನಳಿಗೆ ಸರಿಸಿ, "ಗುಜರಿಗೆ ಹಾಕು ಮಾರಾಯ, ಮನುಷ್ಯರಿಗೆ ಬೇಡ" ಅಂದರು.