ಕಲಬುರಗಿಯಲ್ಲೇ ಮಿದುಳಿನ ರಕ್ತ ಓಡಾಟದ ಎಂಆರ್‌ಐ: ಮಷಿನ್‌ಗೆ ಐದು, ರಿಪೋರ್ಟ್‌ಗೆ ಎರಡು

ಮೊದಲು ರೇಟಿಂಗ್. ಮಷಿನ್‌ಗೆ ಐದಕ್ಕೆ ಐದು. ಮಷಿನ್ ನಡೆಸುವ ಹುಡುಗನಿಗೂ ಐದು. ಕೌಂಟರ್‌ಗೆ ಎರಡು, ರಿಪೋರ್ಟ್‌ಗೂ ಎರಡೇ. ಸೆಂಟರ್‌ನ ಹೆಸರು ಬರೆಯುತ್ತಿಲ್ಲ. ಕಲಬುರಗಿಯಲ್ಲಿ ಆಸ್ಪತ್ರೆ, ಮೆಡಿಕಲ್ ಶಾಪ್, ಲ್ಯಾಬ್ ಎಲ್ಲಾ ಒತ್ತೊತ್ತಾಗಿ ಇರುವ ಒಂದು ರಸ್ತೆಯಲ್ಲಿದೆ ಅಂತ ತಿಳಿದುಕೊಳ್ಳಿ, ಸಾಕು. ನನ್ನ ತಕರಾರುಗಳು ಬೇರೆ ಸೆಂಟರ್‌ನಲ್ಲೂ ಎದುರಾಗುವಂಥವೇ, ಹಾಗಾಗಿ ಎಲ್ಲಿಗೆ ಹೋದರೂ ಏನು ಕೇಳಬೇಕು ಅನ್ನೋದಕ್ಕೆ ಇದನ್ನು ಓದಿ.

ಹೋಗಿದ್ದು ನಮ್ಮ ಕಾಕಾನ ಸಲುವಾಗಿ. ಆಳಂದ ಕಡೆ ಹೊಲ, ಎಪ್ಪತ್ತು ದಾಟಿದ ವಯಸ್ಸು, ಶುಗರ್ ಇದೆ, ಬಿಪಿ ಇದೆ. ಊಟಕ್ಕೆ ಕೂತಾಗ ಬಲಗೈ ಸೋತು ರೊಟ್ಟಿ ಮುರಿಯಲು ಆಗಲಿಲ್ಲ, ಮಾತು ತೊದಲಿತು, ಸ್ವಲ್ಪ ಹೊತ್ತಿಗೆ ಎಲ್ಲಾ ಮೊದಲಿನಂತೆ ಆಯಿತು. ಹೀಗಾದಾಗ ಸರಿಹೋಯಿತಲ್ಲ ಅಂತ ಸುಮ್ನೆ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಲಕ್ವಾ ಬರುವ ಮುಂಚಿನ ಎಚ್ಚರಿಕೆ ಆಗಿರಬಹುದು. ಕಾಕಾನ ಕುತ್ತಿಗೆಗೆ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನಿಂಗ್) ಮಾಡಿದಾಗ ಎಡಗಡೆಯ ಕರೋಟಿಡ್, ಅಂದರೆ ಕುತ್ತಿಗೆಯಿಂದ ಮಿದುಳಿಗೆ ರಕ್ತ ಒಯ್ಯುವ ನಾಳ, ಸಣ್ಣಗಾಗಿರುವುದು ಗೊತ್ತಾಯಿತು. ಸಾದಾ ಎಂಆರ್‌ಐನಲ್ಲಿ ಹೊಸ ಗಾಯ ಏನೂ ಇರಲಿಲ್ಲ. ಆದರೂ ನ್ಯೂರೋ ಡಾಕ್ಟರ್ ಇನ್ನೊಂದು ಎಂಆರ್‌ಐ ಬರೆದುಕೊಟ್ಟರು. ಚೀಟಿಯಲ್ಲಿ ಎಎಸ್‌ಎಲ್ ಪರ್ಫ್ಯೂಷನ್ ಅಂತಿತ್ತು, ಅಂದರೆ ಇಂಜೆಕ್ಷನ್ ಇಲ್ಲದೆ ಮಿದುಳಿನ ರಕ್ತ ಓಡಾಟ ಅಳೆಯುವ ಎಂಆರ್‌ಐ.

"ಒಮ್ಮಿ ಮಾಡಿಸೇವಲ್ರಿ, ಮತ್ತ್ಯಾಕ?" ಅಂತ ಕಾಕಾ ಡಾಕ್ಟರ್‌ನ್ನೇ ಕೇಳಿದರು. ಕೇಳಿದ್ದು ಸರಿಯೇ. ಸಾದಾ ಸ್ಕ್ಯಾನ್ ಮಿದುಳಿನ ಆಕಾರ ತೋರಿಸುತ್ತದೆ, ಗಾಯ ತೋರಿಸುತ್ತದೆ. ನಾಳ ಸಣ್ಣಗಾದ ಕಡೆ ಮಿದುಳಿಗೆ ರಕ್ತ ಸಾಲುತ್ತಿದೆಯಾ, ಬೇರೆ ನಾಳಗಳಿಂದ ಸುತ್ತುಹಾಕಿ ಬಂದು ಹೇಗೋ ನಿಭಾಯಿಸುತ್ತಿದೆಯಾ ಅನ್ನೋದನ್ನು ಅದು ಹೇಳುವುದಿಲ್ಲ. ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ಶೇಕಡಾ 2 ಅಷ್ಟೇ, ಆದರೆ ಸುಮ್ಮನೆ ಕೂತಿದ್ದಾಗಲೂ ಮೈಗೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಭಾಗವನ್ನು ಅದೇ ತಿನ್ನುತ್ತದೆ. ಕೂಡಿಡುವ ಅಭ್ಯಾಸ ಅದಕ್ಕಿಲ್ಲ, ಬಂದದ್ದು ಬಂದ ಹಾಗೆ ಖರ್ಚು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. ಅದು 20ರ ಆಸುಪಾಸಿಗೆ ಇಳಿದರೆ ಆ ಭಾಗದ ಕೆಲಸ ನಿಲ್ಲುತ್ತದೆ, 10ಕ್ಕಿಂತ ಕೆಳಗೆ ಹೋದರೆ ಜೀವಕೋಶಗಳೇ ಸಾಯುತ್ತವೆ. ಕಾಕಾನ ಎಡಭಾಗ ಈ ಲೆಕ್ಕದಲ್ಲಿ ಎಲ್ಲಿದೆ ಅಂತ ಡಾಕ್ಟರ್‌ಗೆ ನೋಡಬೇಕಿತ್ತು.

ಈಗ ಸೆಂಟರ್‌ಗೆ ಬರೋಣ. ಫೋನ್ ಮಾಡಿ ಟೈಮ್ ಕೇಳಿದಾಗ "ಖಾಲಿ ಹೊಟ್ಟೀಲೆ ಬರ್ರಿ" ಅಂದರು. ಯಾವ ಸ್ಕ್ಯಾನ್ ಅಂತ ಕೇಳಲಿಲ್ಲ, ಶುಗರ್ ಇದೆಯಾ ಅಂತಲೂ ಕೇಳಲಿಲ್ಲ. ಇಂಜೆಕ್ಷನ್ ಇಲ್ಲದ ಮಿದುಳಿನ ಎಂಆರ್‌ಐಗೆ ಉಪವಾಸ ಬೇಕಿಲ್ಲ. ಶುಗರ್ ಗುಳಿಗೆ ನುಂಗುವ ಮುದುಕರನ್ನು ಊಟದ ಹೊತ್ತು ದಾಟುವವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಿಸುವುದು ಅಪಾಯದ ಕೆಲಸ, ಮತ್ತು ಅಲ್ಲಿ ಕಾಯಬೇಕಾಗಿದ್ದು ಅಷ್ಟೇ ಹೊತ್ತು. ಕಾಕಾನ ಕೈ ನಡುಗಲು ಶುರುವಾದ ಮೇಲೆ ಬಿಸ್ಕತ್ತು ಕೊಡಬಹುದಾ ಅಂತ ಕೇಳಿದರೆ, ಕೌಂಟರ್‌ನಲ್ಲಿದ್ದವರು ಒಳಗೆ ಕೇಳಿ ಬಂದು "ಹ್ಞಾಂ, ಕೊಡ್ರಿ, ಏನಾಗಂಗಿಲ್ಲ" ಅಂದರು. ಇದನ್ನು ಫೋನ್‌ನಲ್ಲೇ ಹೇಳಬಹುದಿತ್ತಲ್ವಾ?

ಎರಡನೇ ತಕರಾರು ಬಿಲ್‌ನದು. ಚೀಟಿಯಲ್ಲಿ ಎಎಸ್‌ಎಲ್ ಅಂತ ಸ್ಪಷ್ಟವಾಗಿ ಬರೆದಿದ್ದರೂ ಕೌಂಟರ್‌ನಲ್ಲಿ ಕಾಂಟ್ರಾಸ್ಟ್ ಪರ್ಫ್ಯೂಷನ್ ಅಂತ ಹೊಡೆದರು. ಎರಡೂ ಬೇರೆ ಬೇರೆ. ಕಾಂಟ್ರಾಸ್ಟ್ ವಿಧಾನದಲ್ಲಿ ಗ್ಯಾಡೋಲಿನಿಯಂ ಇರುವ ಔಷಧಿಯನ್ನು ಕೈಯ ರಕ್ತನಾಳಕ್ಕೆ ಜೋರಾಗಿ ತಳ್ಳಿ, ಅದು ಮಿದುಳನ್ನು ದಾಟಿ ಹೋಗುವುದನ್ನು ಒಂದರ ಹಿಂದೆ ಒಂದು ಚಿತ್ರ ತೆಗೆದು ಹಿಡಿಯುತ್ತಾರೆ. ಲಕ್ವಾ ಹೊಡೆದ ತುರ್ತಿನಲ್ಲಿ, ಗಡ್ಡೆ ಇದ್ದಾಗ ಅದು ಬಹಳ ಉಪಯೋಗದ್ದು, ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಆದರೆ ಕಿಡ್ನಿ ತೀರಾ ಕೆಟ್ಟಿದ್ದವರಿಗೆ ಗ್ಯಾಡೋಲಿನಿಯಂ ಕೊಡುವ ಮೊದಲು ಹತ್ತು ಸಲ ಯೋಚಿಸಬೇಕು. ನಮ್ಮ ಕಾಕಾನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಅಂಶ) ಮೊದಲೇ ಜಾಸ್ತಿ. ಅದಕ್ಕೇ ಡಾಕ್ಟರ್ ಸೂಜಿ ಇಲ್ಲದ ವಿಧಾನ ಬರೆದಿದ್ದು. ಬಿಲ್ ತಿದ್ದಿಸಿದ್ದು ಒಳಗಿನಿಂದ ಬಂದ ಟೆಕ್ನಿಷಿಯನ್, ಕೌಂಟರ್‌ನವರಲ್ಲ. ದುಡ್ಡು ಕಟ್ಟುವ ಮೊದಲು ಚೀಟಿಯನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಓದಿ.

ಆ ಟೆಕ್ನಿಷಿಯನ್ ಹುಡುಗನ ಬಗ್ಗೆ ಎಷ್ಟು ಬರೆದರೂ ಕಡಿಮೆ. ಪೇಸ್‌ಮೇಕರ್ ಇದೆಯಾ, ಎದೆಯಲ್ಲಿ ಸ್ಟೆಂಟ್ ಇದೆಯಾ, ತಲೆಯ ಆಪರೇಷನ್ ಆಗಿದೆಯಾ, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಬಡಿದಿದೆಯಾ ಅಂತ ಒಂದೊಂದೇ ಕೇಳಿದ. ಒಪ್ಪಿಗೆ ಪತ್ರ ಇಡೀ ಇಂಗ್ಲಿಷ್‌ನಲ್ಲಿತ್ತು (ಅದಕ್ಕೊಂದು ಮಾರ್ಕ್ ಕಡಿಮೆ, ಅದು ಅವನ ತಪ್ಪಲ್ಲ), ಅವನೇ ಕೂತು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದ. ಕಾಕಾನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ಇಷ್ಟಲಿಂಗ. ತೆಗೆಯಲು ಕಾಕಾ ಒಪ್ಪಲಿಲ್ಲ. ಹುಡುಗ ಜೋರು ಮಾಡಲಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಸ್ಕ್ಯಾನ್‌ನ ರೇಡಿಯೋ ಅಲೆಗೆ ಲೋಹ ಬಿಸಿಯಾಗಿ ಮೈ ಸುಡಬಹುದು, ಚಿತ್ರವೂ ಕೆಡಬಹುದು ಅಂತ ತಿಳಿಸಿ ಹೇಳಿ, "ನಿಮ್ಮ ಮಗನ ಕೈಯಾಗ ಕೊಡ್ರಿ ಕಾಕಾ, ನಾ ಮುಟ್ಟಂಗಿಲ್ಲ" ಅಂದ. ಕಾಕಾ ಹಣೆಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟರು. ಉಡದಾರದ ಬೆಳ್ಳಿಯೂ ಬಂತು. ಇಂಥ ಸಣ್ಣ ವಿಷಯದಲ್ಲಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳು ಎಷ್ಟೋ ಸಲ ಎಡವುತ್ತವೆ.

ಮಷಿನ್ 3 ಟೆಸ್ಲಾದ್ದು. ಅಂದರೆ ಭೂಮಿಯ ಅಯಸ್ಕಾಂತಕ್ಕಿಂತ ಸುಮಾರು 60,000 ಪಟ್ಟು ಬಲ, ಮತ್ತು ಸ್ಕ್ಯಾನ್ ನಡೆಯದಿದ್ದಾಗಲೂ ಅದು ಚಾಲೂ ಇರುತ್ತದೆ. ಈ ಪರೀಕ್ಷೆಗೆ 1.5ಕ್ಕಿಂತ 3 ಟೆಸ್ಲಾ ಒಳ್ಳೆಯದು, ಯಾಕೆಂದರೆ ಹಿಡಿಯಬೇಕಾದ ಸಿಗ್ನಲ್ ತೀರಾ ಸಣ್ಣದು. ಮಿದುಳಿಗೆ ಹೊರಟ ರಕ್ತ ಕುತ್ತಿಗೆ ದಾಟುವಾಗಲೇ ಅದರ ನೀರಿನ ಕಣಗಳ ಕಾಂತೀಯ ದಿಕ್ಕನ್ನು ರೇಡಿಯೋ ಅಲೆಯಿಂದ ತಿರುಗಿಸಿ ಮಷಿನ್ ಗುರುತು ಹಾಕುತ್ತದೆ. ಸುಮಾರು 2 ಸೆಕೆಂಡ್ ಕಾಯುತ್ತದೆ. ಗುರುತಿನ ರಕ್ತ ಮಿದುಳಿಗೆ ತಲುಪಿದ ಮೇಲೆ ಒಂದು ಚಿತ್ರ, ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಹೊಸದಾಗಿ ಬಂದ ರಕ್ತದ ಲೆಕ್ಕ. ಈ ವ್ಯತ್ಯಾಸ ಶೇಕಡಾ 1ರ ಆಸುಪಾಸು ಅಷ್ಟೇ. ನೂರು ಚೀಲ ತೊಗರಿ ಹೇರಿದ ಲಾರಿಯನ್ನು ತೂಗಿ, ಒಂದು ಚೀಲ ಇಳಿಸಿ ಮತ್ತೆ ತೂಗಿ, ಆ ಚೀಲದ ತೂಕ ಕಂಡುಹಿಡಿದ ಹಾಗೆ. ಅದಕ್ಕೇ ಜೋಡಿ ಜೋಡಿ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುತ್ತಾರೆ, ನಾಲ್ಕೈದು ನಿಮಿಷ ಬೇಕು, ಅಷ್ಟು ಹೊತ್ತು ತಲೆ ಅಲುಗಬಾರದು. "ಈ ಐದು ನಿಮಿಷ ಅಲಗಾಡಬ್ಯಾಡ್ರಿ ಕಾಕಾ, ಕೆಮ್ಮು ಬಂದ್ರ ಈಗೇ ಕೆಮ್ಮಿಬಿಡ್ರಿ" ಅಂತ ಮೈಕ್‌ನಲ್ಲಿ ಹೇಳಿದ್ದು ಹೊರಗೂ ಕೇಳಿಸಿತು. ಸದ್ದು ವಿಪರೀತ, ಕಿವಿಗೆ ಪ್ಲಗ್ ಹಾಕಿಯೇ ಒಳಗೆ ಕಳಿಸುತ್ತಾರೆ. ಹೊರಗೆ ನಮ್ಮೂರಿನ ಬಿಸಿಲು, ಒಳಗೆ ನಡುಗುವಷ್ಟು ಎಸಿ, ಆದರೆ ಕೇಳುವ ಮೊದಲೇ ಕಂಬಳಿ ಹೊದಿಸಿದರು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. "ಚಾ ಕುಡದೀರೇನು? ಎಷ್ಟೊತ್ತಾತು?" ಅಂತ ಅವನು ಕೇಳಿ ಬರೆದುಕೊಂಡ. ಚಹಾ, ಕಾಫಿಯ ಕೆಫೀನ್ ಮಿದುಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಂದೆರಡು ಕಪ್ ಗಟ್ಟಿ ಕಾಫಿ ಕುಡಿದರೆ ರಕ್ತದ ಓಡಾಟ ಶೇಕಡಾ 20ರಿಂದ 30ರವರೆಗೆ ಇಳಿಯಬಹುದು. ಅದು ತೊಂದರೆ ಏನಲ್ಲ, ಆದರೆ ಅಳೆಯುವ ಹೊತ್ತಿನಲ್ಲಿ ಲೆಕ್ಕ ತಪ್ಪಿಸುತ್ತದೆ. ಮಾತುಮಾತಿಗೆ ಚಹಾ ಕುಡಿಯುವ ನಮ್ಮ ಕಡೆ ಈ ಪ್ರಶ್ನೆ ಕೇಳಲೇಬೇಕು. ಫೋನ್‌ನಲ್ಲಿ ಊಟ ಬೇಡ ಅಂದವರು ಚಹಾ ಬೇಡ ಅಂದಿದ್ದರೆ ಸರಿಯಾಗುತ್ತಿತ್ತು!

ರಿಪೋರ್ಟ್ ವಿಷಯಕ್ಕೆ ಬಂದರೆ ಬೇಜಾರು. ಉಳಿದ ಭಾಗ ಎರಡು ಪುಟ, ರಕ್ತ ಓಡಾಟಕ್ಕೆ ಒಂದೇ ಸಾಲು: ಎಡಭಾಗದಲ್ಲಿ ಕಡಿಮೆ. ಎಷ್ಟು ಕಡಿಮೆ? ಎಷ್ಟು ಸೆಕೆಂಡ್ ಕಾದು ತೆಗೆದ ಚಿತ್ರ? ಒಂದೂ ಇಲ್ಲ. ಆ ಸಾಲು ಓದಿ ಮನೆಯಲ್ಲಿ ಎಲ್ಲರ ಮುಖ ಬಾಡಿತು. ಡಾಕ್ಟರ್ ರಿಪೋರ್ಟ್ ಬದಿಗಿಟ್ಟು ಸಿಡಿ ಹಾಕಿ ಬಣ್ಣದ ಚಿತ್ರ ನೋಡಿದರು. ಎಡಗಡೆ ಓಡಾಟ ಕಡಿಮೆ ಕಾಣುತ್ತಿತ್ತು, ನಿಜ, ಆದರೆ ಅದರ ಅಂಚಿನಲ್ಲಿ ನಾಳಗಳ ಗುಂಟ ಹೊಳೆಯುವ ಗೆರೆಗಳಿದ್ದವು. ಚಿತ್ರ ತೆಗೆಯುವ ಹೊತ್ತಿಗೆ ಗುರುತಿನ ರಕ್ತ ಇನ್ನೂ ನಾಳದಲ್ಲೇ ಇತ್ತು, ಮಿದುಳಿನ ಒಳಗೆ ಇಳಿದಿರಲಿಲ್ಲ ಅಂತ ಅದರ ಅರ್ಥ. ಸಣ್ಣಗಾದ ನಾಳದಿಂದಲೋ ಸುತ್ತುದಾರಿಯಿಂದಲೋ ಬರುವ ರಕ್ತ ತಡವಾಗಿ ತಲುಪುತ್ತದೆ. ಹಾಕಿದ ಗುರುತು ಕೆಲವೇ ಸೆಕೆಂಡುಗಳಲ್ಲಿ ಅಳಿಸುತ್ತಾ ಹೋಗುತ್ತದೆ. ಹಾಗಾಗಿ ತಡವಾಗಿ ಬಂದ ರಕ್ತ ಚಿತ್ರದಲ್ಲಿ ಬಾರದ ರಕ್ತದಂತೆಯೇ ಕಾಣುತ್ತದೆ. ಈ ಪರೀಕ್ಷೆಯ ದೊಡ್ಡ ತೊಡಕೇ ಇದು. ಕರೋಟಿಡ್ ಸಣ್ಣಗಾದವರ ರಿಪೋರ್ಟ್‌ನಲ್ಲಿ ಇದನ್ನು ಬರೆಯದೆ ಬಿಟ್ಟರೆ ಕೆಲಸ ಅರ್ಧ ಮಾಡಿದಂತೆ.

ಡಾಕ್ಟರ್, ರಿಪೋರ್ಟ್ ಬರೆದ ರೇಡಿಯಾಲಜಿಸ್ಟ್ ಜೊತೆ ಫೋನ್‌ನಲ್ಲಿ ಮಾತಾಡಿದರು. ಸೆಂಟರ್‌ನವರು ನಮ್ಮನ್ನು ವಾಪಸ್ ಕರೆದು, ಕಾಯುವ ಸಮಯ ಹೆಚ್ಚಿಸಿ ಅದೊಂದು ಭಾಗವನ್ನು ಮತ್ತೆ ತೆಗೆದರು, ದುಡ್ಡು ಕೇಳಲಿಲ್ಲ. ಈ ಸಲ ಎಡಭಾಗ ಬಲಭಾಗಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ರಿಪೋರ್ಟ್‌ಗೆ ಒಂದರ ಬದಲು ಎರಡು ಕೊಟ್ಟಿದ್ದು ಇದಕ್ಕೇ. ನಾಳಕ್ಕೆ ಆಪರೇಷನ್ ಬೇಕಾ ಬೇಡವಾ ಅಂತ ಈ ಚಿತ್ರ ಒಂದೇ ತೀರ್ಮಾನ ಮಾಡುವುದಿಲ್ಲ ಅಂತಲೂ ಡಾಕ್ಟರ್ ಹೇಳಿದರು, ನಾಳ ಎಷ್ಟು ಮುಚ್ಚಿದೆ, ಕೈ ಸೋತು ಎಷ್ಟು ದಿನ ಆಯಿತು ಅನ್ನೋದಕ್ಕೇ ಹೆಚ್ಚು ತೂಕ. ಹಾಗಾಗಿ ಸುಮ್ನೆ ತಲೆನೋವು, ತಲೆಸುತ್ತು ಅಂತ ಸ್ವಂತ ಇಷ್ಟದಿಂದ ಹೋಗಿ ಇದನ್ನು ಮಾಡಿಸಬೇಡಿ. ಕೇಳುವ ಪ್ರಶ್ನೆ ಇದ್ದರೆ ಮಾತ್ರ ಉತ್ತರ ಸಿಗುತ್ತದೆ.

ಗೋಡೆಯ ಮೇಲಿನ ರೇಟ್ ಬೋರ್ಡ್‌ನಲ್ಲಿ "ಬ್ರೇನ್ ಮೆಟಾಬಾಲಿಸಂ ಸ್ಟಡಿ" ಅಂತ ಒಂದು ಸಾಲಿದೆ. ಹೆಸರು ಕೇಳಿ ಮಿದುಳು ಎಷ್ಟು ಸಕ್ಕರೆ, ಎಷ್ಟು ಆಮ್ಲಜನಕ ಉರಿಸುತ್ತದೆ ಅಂತ ಅಳೆಯುತ್ತಾರೆ ಅಂದುಕೊಳ್ಳಬೇಡಿ. ಅದು ಸ್ಪೆಕ್ಟ್ರೋಸ್ಕೋಪಿ. ಮಿದುಳಿನ ಒಂದು ಜಾಗದಲ್ಲಿ ಎನ್‌ಎಎ, ಕೋಲಿನ್, ಕ್ರಿಯಾಟಿನ್, ಲ್ಯಾಕ್ಟೇಟ್‌ನಂಥ ರಾಸಾಯನಿಕಗಳು ಎಷ್ಟಿವೆ ಅಂತ ಗೆರೆಗಳ ಏರಿಳಿತದಲ್ಲಿ ತೋರಿಸುತ್ತದೆ. ಎಷ್ಟು ಇದೆ ಅನ್ನೋದು ಬೇರೆ, ಎಷ್ಟು ವೇಗವಾಗಿ ಖರ್ಚಾಗುತ್ತಿದೆ ಅನ್ನೋದು ಬೇರೆ. ಸಕ್ಕರೆ ಖರ್ಚು ನೋಡಲು ಪೆಟ್ ಸ್ಕ್ಯಾನ್ ಬೇಕು. ಹಾಗಂತ ಸ್ಪೆಕ್ಟ್ರೋಸ್ಕೋಪಿ ದಂಡ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಕುರ್ಚಿಯಲ್ಲಿ ಯಾದಗಿರಿ ಕಡೆಯ ಅಕ್ಕ ಒಬ್ಬರು ಮಗನಿಗೆ ಫಿಟ್ಸ್ ಬರುತ್ತದೆ ಅಂತ ಕರೆತಂದಿದ್ದರು. ಮಿದುಳಿನಲ್ಲಿ ಕಂಡ ಗಂಟು ಟಿಬಿಯದ್ದಾ, ಹುಳದ್ದಾ ಅಂತ ಬೇರ್ಪಡಿಸಲು ಅದು ನೆರವಾಗುತ್ತದೆ, ಟಿಬಿ ಗಂಟಿನಲ್ಲಿ ಕೊಬ್ಬಿನ ಗೆರೆ ಎದ್ದು ಕಾಣುತ್ತದೆ. ನಮ್ಮ ಭಾಗದಲ್ಲಿ ಈ ಪ್ರಶ್ನೆ ದಿನಾ ಏಳುವಂಥದ್ದು. ಬೋರ್ಡ್‌ನಲ್ಲಿ ಸರಿಯಾದ ಹೆಸರು ಬರೆಯಲಿ ಅಂತಷ್ಟೇ.

ಆಮ್ಲಜನಕದ ಖರ್ಚನ್ನು ಎಂಆರ್‌ಐನಿಂದ ಅಳೆಯಲು ದಾರಿಗಳಿವೆ, ಅವು ಹೆಚ್ಚಾಗಿ ಸಂಶೋಧನೆ ಮಾಡುವ ಕಡೆ ನಡೆಯುತ್ತವೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೆ ಕಾಂತೀಯ ಗುಣ ಇದೆ ಅಂತ 1936ರಲ್ಲೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ತೋರಿಸಿದ್ದರು. 1990ರಲ್ಲಿ ಸೈಜಿ ಒಗಾವಾ ಅದನ್ನೇ ಹಿಡಿದು ಎಂಆರ್‌ಐನಲ್ಲಿ ಮಿದುಳಿನ ಕೆಲಸ ನೋಡುವ ದಾರಿ ತೆರೆದರು. ತಲೆಯಿಂದ ವಾಪಸ್ ಬರುವ ರಕ್ತದಲ್ಲಿ ಉಳಿದ ಆಮ್ಲಜನಕ ಎಷ್ಟು ಅಂತ ಅಳೆದು, ಅದಕ್ಕೆ ರಕ್ತ ಓಡಾಟದ ಲೆಕ್ಕ ಸೇರಿಸಿದರೆ ಖರ್ಚು ಗೊತ್ತಾಗುತ್ತದೆ. 1945ರಲ್ಲಿ ಸೇಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಇದೇ ಲೆಕ್ಕಕ್ಕೆ ನೈಟ್ರಸ್ ಆಕ್ಸೈಡ್ ಗಾಳಿ ಉಸಿರಾಡಿಸಿ, ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಅದೂ ಇಡೀ ಮಿದುಳಿಗೆ ಸೇರಿ ಒಂದೇ ಅಂಕಿ ಸಿಗುತ್ತಿತ್ತು. ನಮ್ಮ ಕಾಕಾ ಸೂಜಿ ಇಲ್ಲದೆ, ಕಂಬಳಿ ಹೊದ್ದು, ನಡುವೆ ಒಂದಿಷ್ಟು ನಿದ್ದೆಯನ್ನೂ ಮಾಡಿ ಬಂದರು.

ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋಗಬೇಕಾ ಅಂತ ಕೇಳುವವರಿಗೆ: ಈ ಪರೀಕ್ಷೆಗಾಗಿ ಬೇಡ. ಫೋನ್ ಮಾಡಿದಾಗ 3 ಟೆಸ್ಲಾ ಮಷಿನ್ ಇದೆಯಾ, ಎಎಸ್‌ಎಲ್ ಮಾಡುತ್ತೀರಾ, ಶುಗರ್ ಪೇಷಂಟ್ ಊಟ ಮಾಡಿ ಬರಬಹುದಾ ಅಂತ ಕೇಳಿ. ಕರೋಟಿಡ್ ತೊಂದರೆ ಇದ್ದರೆ ಡಾಪ್ಲರ್ ರಿಪೋರ್ಟ್ ಕೈಯಲ್ಲಿ ಹಿಡಿದು ಹೋಗಿ, ಟೆಕ್ನಿಷಿಯನ್‌ಗೆ ಸ್ಕ್ಯಾನ್‌ಗೆ ಮೊದಲೇ ತೋರಿಸಿ. ಫಿಲ್ಮ್ ಅಷ್ಟೇ ತಂದರೆ ಉಪಯೋಗ ಕಡಿಮೆ, ಸಿಡಿ ಕೇಳಿ ಪಡೆಯಿರಿ, ಅದರಲ್ಲಿ ಪರ್ಫ್ಯೂಷನ್ ಚಿತ್ರಗಳೂ ಇವೆಯಾ ಅಂತ ಅಲ್ಲೇ ತೆರೆದು ನೋಡಿ. ಜೊತೆಗೆ ಒಬ್ಬರು ಇರಲಿ, ಆಭರಣ, ಮೊಬೈಲ್ ಹಿಡಿದುಕೊಳ್ಳಲು ಅಲ್ಲಿ ಲಾಕರ್ ಇಲ್ಲ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಆಟೋದಲ್ಲಿ ಹೋಗಿ. ಬೆಳಿಗ್ಗೆ ಸುಸಲಾ ತಿಂದು ಹೋದರೂ ನಡೆಯುತ್ತದೆ, ಅದರ ಜೊತೆಗಿನ ಚಹಾ ಮಾತ್ರ ಸ್ಕ್ಯಾನ್ ಆದ ಮೇಲೆ.