ಸೀಲು ಬಿದ್ದ ಐಕ್ಯೂ ವರದಿಯನ್ನು ಹಾಗೇ ನಂಬಬೇಡಿ

ಒಂದೇ ಪುಟದ ವರದಿ. ಮೇಲೆ ಹುಡುಗನ ಹೆಸರು, ವಯಸ್ಸು 9, ಅದರ ಕೆಳಗೆ ‘ಐಕ್ಯೂ 82, ಕಲಿಕೆಯಲ್ಲಿ ನಿಧಾನ’, ಕೊನೆಗೆ ಸಹಿ ಮತ್ತು ಸೀಲು. ಇಷ್ಟನ್ನೇ ನಂಬಿ ಶಾಲೆ ಅವನನ್ನು ಹಿಂದಿನ ತರಗತಿಗೆ ಕಳಿಸಲು ಹೊರಟಿತ್ತು, ಮನೆಯವರೂ ಒಪ್ಪಿಬಿಟ್ಟಿದ್ದರು. ಉತ್ತರಗಳನ್ನು ಬರೆದುಕೊಂಡಿದ್ದ ಮೂಲ ರೆಕಾರ್ಡ್ ಫಾರ್ಮನ್ನು ಬೇರೊಬ್ಬ ಮನಶ್ಶಾಸ್ತ್ರಜ್ಞರು ಬಿಡಿಸಿ ನೋಡಿದ ಮೇಲೆ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಅವುಗಳಲ್ಲಿ ಯಾವುದೂ ಅಪರೂಪದ್ದಲ್ಲ. ಮಕ್ಕಳ ವರದಿ ಕೈಗೆ ಬಂದವರೆಲ್ಲ ಇವನ್ನು ಹುಡುಕಿ ನೋಡಬಹುದು.

ಮೊದಲನೆಯದು ವಯಸ್ಸು. ಐಕ್ಯೂ ಎಂದರೆ ಎಷ್ಟು ಪ್ರಶ್ನೆಗೆ ಸರಿಯುತ್ತರ ಕೊಟ್ಟ ಎಂಬ ಲೆಕ್ಕವಲ್ಲ. ಬಂದ ಕಚ್ಚಾ ಅಂಕವನ್ನು ಅದೇ ವಯಸ್ಸಿನ ಮಕ್ಕಳ ಅಂಕಗಳ ಜೊತೆ ಹೋಲಿಸಿ ಪಡೆದ ಸ್ಥಾನ ಅದು. ಹೋಲಿಕೆಯ ಕೋಷ್ಟಕಗಳು ಕೆಲವೇ ತಿಂಗಳ ಅಂತರದಲ್ಲಿ ಬದಲಾಗುತ್ತವೆ. ಹುಡುಗ ಹುಟ್ಟಿದ್ದು 2015ರ ನವೆಂಬರ್ 20, ಪರೀಕ್ಷೆ ನಡೆದದ್ದು 2024ರ ಮಾರ್ಚ್ 10. ದಿನ ಸಾಲದಿದ್ದರೆ ಒಂದು ತಿಂಗಳನ್ನು 30 ದಿನವೆಂದು ಎರವಲು ತಂದು, ತಿಂಗಳು ಸಾಲದಿದ್ದರೆ ಒಂದು ವರ್ಷವನ್ನು 12 ತಿಂಗಳೆಂದು ತಂದು ಕಳೆಯಬೇಕು. ಹಾಗೆ ಕಳೆದರೆ 8 ವರ್ಷ 3 ತಿಂಗಳು 20 ದಿನ. ಅದನ್ನು 8 ವರ್ಷ 4 ತಿಂಗಳಿಗೂ ಏರಿಸುವಂತಿಲ್ಲ. ಇಲ್ಲಿ 2024ರಿಂದ 2015 ಕಳೆದು 9 ಎಂದು ಬರೆದು ಕೈತೊಳೆದುಕೊಂಡಿದ್ದರು. ಎಂಟರ ಹುಡುಗನನ್ನು ಒಂಬತ್ತು ತುಂಬಿದವರ ಸಾಲಿನಲ್ಲಿ ನಿಲ್ಲಿಸಿದರೆ ಅಂಕ ಇಳಿಯದೆ ಇನ್ನೇನಾದೀತು?

ಎರಡನೆಯದು ಕೂಡುವ ಲೆಕ್ಕ. ಇಂಥ ಪರೀಕ್ಷೆಗಳಲ್ಲಿ ತೀರ ಸುಲಭದ ಪ್ರಶ್ನೆಗಳನ್ನು ಬಿಟ್ಟು ವಯಸ್ಸಿಗೆ ಗೊತ್ತುಪಡಿಸಿದ ಪ್ರಶ್ನೆಯಿಂದ ಶುರು ಮಾಡುತ್ತಾರೆ. ಮೊದಲ ಪ್ರಶ್ನೆಗಳಿಗೆ ಮಗು ಸರಿಯಾಗಿ ಉತ್ತರಿಸಿದರೆ, ಕೇಳದೆ ಬಿಟ್ಟವಕ್ಕೂ ಪೂರ್ತಿ ಅಂಕ ಸೇರಿಸಬೇಕು. ಒಂದು ಉಪಪರೀಕ್ಷೆಯಲ್ಲಿ, ಅಂದರೆ ಪರೀಕ್ಷೆಯ ಒಂದು ಭಾಗದಲ್ಲಿ, ಆ 4 ಅಂಕ ಸೇರಿಯೇ ಇರಲಿಲ್ಲ.

ಇವೆರಡನ್ನೂ ಕಾಗದದ ಮೇಲೆಯೇ ತಿದ್ದಬಹುದು. ಮುಂದಿನವು ಹಾಗಲ್ಲ. ಪ್ರತಿ ಉಪಪರೀಕ್ಷೆಗೂ ಸತತವಾಗಿ ಎಷ್ಟು ಸೊನ್ನೆ ಬಂದ ಮೇಲೆ ನಿಲ್ಲಿಸಬೇಕೆಂದು ಕೈಪಿಡಿ ಹೇಳುತ್ತದೆ. ಮೂರಕ್ಕೆ ನಿಲ್ಲಿಸಬೇಕಾದಲ್ಲಿ ಎರಡಕ್ಕೇ ನಿಲ್ಲಿಸಿದ್ದರು. ಮುಂದಿನ ಪ್ರಶ್ನೆಗೆ ಹುಡುಗ ಏನು ಹೇಳುತ್ತಿದ್ದನೋ ಈಗ ಯಾರಿಗೂ ಗೊತ್ತಾಗದು. ಸೂಚನೆಗಳನ್ನು ಪರೀಕ್ಷಕರು ಅಲ್ಲೇ ಬಾಯಲ್ಲಿ ಅನುವಾದಿಸಿ ಹೇಳಿದ್ದರು. ಒಂದು ಭಾಷೆಯಲ್ಲಿ ಕಷ್ಟದ ಪದ ಇನ್ನೊಂದರಲ್ಲಿ ಆಡುಮಾತಾಗಿರಬಹುದು, ಆಗ ಕೋಷ್ಟಕದ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಸಾಲದ್ದಕ್ಕೆ ಹುಡುಗ ಆ ದಿನ ಕನ್ನಡಕ ತಂದಿರಲಿಲ್ಲ. ಉಪಪರೀಕ್ಷೆಗಳ ಸರಾಸರಿ 10, ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವ ದೂರ, 3. ಮಾತಿನ ಉಪಪರೀಕ್ಷೆಗಳಲ್ಲಿ ಅವನಿಗೆ 10, 11 ಬಂದಿದ್ದರೆ, ಕಣ್ಣಾಡಿಸಿ ಬೇಗಬೇಗ ಗುರುತು ಹಾಕುವ ಕೆಲಸದಲ್ಲಿ 4. ಇಷ್ಟು ಅಂತರವಿದ್ದಾಗ ಒಟ್ಟು ಅಂಕ ಯಾವ ಸಾಮರ್ಥ್ಯವನ್ನೂ ಸರಿಯಾಗಿ ಹೇಳುವುದಿಲ್ಲ, ಅಂತರವೇ ವರದಿಯ ಮುಖ್ಯ ವಿಷಯವಾಗಬೇಕಿತ್ತು. ಒಂದು ಪುಟದಲ್ಲಿ ಅದಕ್ಕೆಲ್ಲಿ ಜಾಗ!

ಇನ್ನು ಆ 82. ಎಲ್ಲವೂ ಸರಿಯಾಗಿ ನಡೆದಿದ್ದರೂ ಅದನ್ನು ಒಂಟಿ ಸಂಖ್ಯೆಯಾಗಿ ಬರೆಯುವುದು ತಪ್ಪು. ಐಕ್ಯೂ ಸರಾಸರಿ 100, ಮಾನಕ ವಿಚಲನೆ 15. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದರೂ ಅಂಕ ಎಷ್ಟು ಸ್ಥಿರವಾಗಿರುತ್ತದೆ ಎಂಬುದು, 1ಕ್ಕೆ 0.90 ಆಗಿದ್ದರೆ ಅಳತೆಯ ಮಾನಕ ದೋಷ, 15ನ್ನು ಉಳಿದ 0.10ರ ವರ್ಗಮೂಲದಿಂದ ಗುಣಿಸಿದಾಗ, ಸುಮಾರು 4.7. ಶೇ. 95ರ ಭರವಸೆಗೆ ಅದರ ಹೆಚ್ಚುಕಡಿಮೆ ಎರಡರಷ್ಟನ್ನು ಎರಡೂ ಕಡೆ ಬಿಡಬೇಕು. ಅಂದರೆ 73ರಿಂದ 91. ಈ ಮೇಲಂಚು ಸರಾಸರಿಯ ಮಟ್ಟದ್ದು. ವಿಶ್ವಾಸಾರ್ಹತೆ 0.95 ಇದ್ದರೂ ಆರೇಳು ಅಂಕದ ಅತ್ತಿತ್ತ ಇದ್ದೇ ಇರುತ್ತದೆ. ಶತಾಂಶಕವನ್ನು, ಅಂದರೆ ಪರ್ಸೆಂಟೈಲನ್ನು, ಶೇಕಡಾ ಅಂಕವೆಂದು ಓದಿಕೊಂಡು ಎದೆ ಒಡೆದುಕೊಳ್ಳುವವರೂ ಇದ್ದಾರೆ. 50ನೇ ಶತಾಂಶಕ ಎಂದರೆ ನಟ್ಟನಡುವೆ ಎಂದು, ನೂರಕ್ಕೆ ಐವತ್ತು ತೆಗೆದ ಎಂದಲ್ಲ.

ಅಂಕ 70ರ ಕೆಳಗೆ ಬಂದರೂ ಅದರ ಮೇಲೆಯೇ ಬೌದ್ಧಿಕ ಅಸಾಮರ್ಥ್ಯದ ಹಣೆಪಟ್ಟಿ ಹಚ್ಚುವಂತಿಲ್ಲ. ಉಣ್ಣುವುದು, ಉಡುವುದು, ದುಡ್ಡಿನ ಲೆಕ್ಕ, ಜನರೊಡನೆ ಹೊಂದಿಕೆ ಮುಂತಾದ ದಿನನಿತ್ಯದ ನಡೆವಳಿಕೆಯಲ್ಲೂ ಕೊರತೆ ಇದೆಯೇ, ಅದು ಬೆಳವಣಿಗೆಯ ವರ್ಷಗಳಲ್ಲೇ ಶುರುವಾಯಿತೇ ಎಂಬುದನ್ನು ಬೇರೆಯಾಗಿ ಅಳೆಯಬೇಕು. ಅದಕ್ಕೆ ವೈನ್‌ಲ್ಯಾಂಡ್‌ನಂಥ ಮಾಪನಗಳಿವೆ.

ಮನೆಯವರು ಮಾಡಿದ ಕೆಲಸವೂ ಗಂಟನ್ನು ಬಿಗಿಯಾಗಿಸಿತು. ಗಾಬರಿಯಲ್ಲಿ ಎರಡೇ ವಾರಕ್ಕೆ ಇನ್ನೊಂದು ಕಡೆ ಅದೇ ಪರೀಕ್ಷೆ ಮಾಡಿಸಿದರು. 91 ಬಂತು, ಎಲ್ಲರಿಗೂ ಖುಷಿ. ಆದರೆ ಅದರಲ್ಲಿ ಅಭ್ಯಾಸದ ಲಾಭ ಎಷ್ಟು, ಸಾಮರ್ಥ್ಯ ಎಷ್ಟು ಎಂದು ಬಿಡಿಸಿ ಹೇಳಲಾಗದು. ಬಣ್ಣದ ಬಿಲ್ಲೆ ಜೋಡಿಸುವಂಥ, ಗಡಿಯಾರ ಹಿಡಿದು ಮಾಡಿಸುವ ಕೆಲಸಗಳಲ್ಲಿ ಈ ಲಾಭ ಹೆಚ್ಚು, ಏಕೆಂದರೆ ಉಪಾಯ ಒಮ್ಮೆ ಹೊಳೆದರೆ ಮರೆಯುವುದಿಲ್ಲ. ಅದೇ ಪರೀಕ್ಷೆಯನ್ನು ಮತ್ತೆ ಕೊಡಲು ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯುತ್ತಾರೆ. ತುರ್ತಿದ್ದರೆ ಬೇರೆ ಪರೀಕ್ಷೆಯನ್ನು ಆರಿಸಬೇಕು, ಹಿಂದೆ ಯಾವುದು ನಡೆದಿದೆ ಎಂದು ಪರೀಕ್ಷಕರಿಗೆ ಮೊದಲೇ ತಿಳಿಸಬೇಕು. ಮುಚ್ಚಿಟ್ಟರೆ ನಷ್ಟ ಮಗುವಿಗೇ.

ಇದರ ನಡುವೆ ಬೆರಳಚ್ಚು ನೋಡಿ ಬುದ್ಧಿವಂತಿಕೆ ಹೇಳುವವರ ದಪ್ಪ ವರದಿಯೂ ಬಂದು ಸೇರಿತು. ಬೆರಳಗೆರೆ ಹತ್ತು ಸಲ ತೆಗೆದರೂ ಅದೇ ಇರುತ್ತದೆ, ಆ ಮಟ್ಟಿಗೆ ವಿಶ್ವಾಸಾರ್ಹ. ಆದರೆ ಅದು ಬುದ್ಧಿಯನ್ನು ಅಳೆಯುತ್ತದೆ ಎನ್ನಲು ಆಧಾರವಿಲ್ಲ, ಅಂದರೆ ಸಿಂಧುತ್ವ ಇಲ್ಲ. ಓದಿದಾಗ ‘ನಮ್ಮ ಮಗುವೇ’ ಅನ್ನಿಸುತ್ತದಲ್ಲ ಎನ್ನುತ್ತಾರೆ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ‘ನಿನ್ನ ವ್ಯಕ್ತಿತ್ವ’ ಎಂದು ಒಂದೇ ಬರಹವನ್ನು ಹಂಚಿದ್ದ. ನಿಖರತೆಗೆ ಅವರು 5ಕ್ಕೆ ಸರಾಸರಿ 4.26 ಕೊಟ್ಟರು.

ಪರೀಕ್ಷೆಗೆ ಮುಂಚೆ ಕೇಳಿಕೊಳ್ಳಿ: ಯಾವ ಪರೀಕ್ಷೆ, ಯಾವ ಆವೃತ್ತಿ, ಮಾನಕಗಳು, ಅಂದರೆ ಹೋಲಿಕೆಯ ಕೋಷ್ಟಕಗಳು, ಯಾವ ವರ್ಷದವು, ಯಾವ ಭಾಷೆಯ ಮಕ್ಕಳ ಮೇಲೆ ಮಾಡಿದವು. ಮಾನಕ ಹಳತಾದರೆ ಅಂಕ ಸುಳ್ಳೇ ಏರುತ್ತದೆ, ದಶಕಕ್ಕೆ ಸುಮಾರು 3ರಂತೆ. ಜ್ವರ, ನಿದ್ದೆಗೇಡು ಇದ್ದರೆ ದಿನ ಮುಂದೂಡಿ. ಕನ್ನಡಕ, ಶ್ರವಣ ಸಾಧನ ಮರೆಯಬೇಡಿ. ವರದಿಯಲ್ಲಿ ವರ್ಷ–ತಿಂಗಳು–ದಿನದ ವಯಸ್ಸು, ಉಪಪರೀಕ್ಷೆಗಳ ಅಂಕ, ಭರವಸೆಯ ವ್ಯಾಪ್ತಿ, ಪರೀಕ್ಷೆಯ ವೇಳೆ ಮಗು ಹೇಗಿತ್ತು ಎಂಬ ಟಿಪ್ಪಣಿ ಇರಲೇಬೇಕು. ಪ್ರಶ್ನೆಪತ್ರಿಕೆಯನ್ನು ಮಾತ್ರ ಕೇಳಬೇಡಿ, ಅದು ಹೊರಬಿದ್ದರೆ ಪರೀಕ್ಷೆಯೇ ಕೆಡುತ್ತದೆ. ಅನುಮಾನ ಬಂದರೆ ರೆಕಾರ್ಡ್ ಫಾರ್ಮನ್ನು ಇನ್ನೊಬ್ಬ ಅರ್ಹ ಮನಶ್ಶಾಸ್ತ್ರಜ್ಞರಿಗೆ ನೇರವಾಗಿ ಕಳಿಸುವಂತೆ ಲಿಖಿತವಾಗಿ ಕೇಳಿ. ತಿದ್ದಿದ ವರದಿ ಬಂದ ಮೇಲೆ ಶಾಲೆಯ ಕಡತದಿಂದ ಹಳೆಯದನ್ನು ತೆಗೆಸಿ. ಈ ಹುಡುಗನ ಕಡತದಲ್ಲಿ 82 ಇನ್ನೂ ಹಾಗೇ ಕೂತಿತ್ತು, ಮುಂದಿನ ವರ್ಷದ ಶಿಕ್ಷಕರು ಮೊದಲು ಓದಿದ್ದು ಅದನ್ನೇ.